ನಾಲ್ಕಕ್ಕೆ ಮೂರರಲ್ಲಿ ಅಮ್ಮ

ನಮ್ಮಮ್ಮ ಸತ್ತಿದ್ದು ಯಾರ ತಪ್ಪು ಅನ್ನುವ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪುರಾವೆ. ಅದು ಅವಳ ಮದುವೆಯ ವಿಡಿಯೊ, ಹಳೇ ಕ್ಯಾಸೆಟ್ಟಿನಿಂದ ಪೆನ್ ಡ್ರೈವಿಗೆ ಹಾಕಿಸಿದ್ದು. ಪ್ರತಿವರ್ಷ ಪಿತೃಪಕ್ಷದಲ್ಲಿ ಅದನ್ನು ಹಾಜರುಪಡಿಸುತ್ತಿದ್ದವಳು ನನ್ನ ಅಜ್ಜಿ, ಅಮ್ಮನ ಅಮ್ಮ. ಆರೋಪಿಯ ಜಾಗದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದವರು ನಮ್ಮಪ್ಪ.

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ಹೃದಯದ ವಾಲ್ವ್ ಕೆಟ್ಟಿದೆ, ಚಿಕ್ಕಂದಿನಿಂದಲೇ ಇದ್ದ ತೊಂದರೆ ಇರಬೇಕು, ಹೆರಿಗೆ ಆದಮೇಲೆ ಹೆಚ್ಚಾಗಿದೆ ಅಂತ ಡಾಕ್ಟರು ಹೇಳಿದ್ದರಂತೆ. ಅಜ್ಜಿ ಆ ಮಾತನ್ನು ಒಂದು ದಿನಕ್ಕೂ ಒಪ್ಪಲಿಲ್ಲ. ಚಿಕ್ಕಂದಿನಿಂದ ಇದ್ದಿದ್ದರೆ ಹೆತ್ತವಳಿಗೆ ಗೊತ್ತಾಗುತ್ತಿರಲಿಲ್ಲವೇ ಅನ್ನುವುದು ಅವಳ ವಾದ. ಮದುವೆಯಲ್ಲಿ ತುಂಬಿದ ಕೊಡದ ಹಾಗಿದ್ದ ಮಗಳು ಅಳಿಯನ ಮನೆಗೆ ಬಂದು, ಸರಿಯಾಗಿ ಉಣ್ಣದೆ, ದುಡಿದು ಸೊರಗಿ ಸತ್ತಳು ಅನ್ನುವುದು ಅವಳ ತೀರ್ಮಾನ.

ಅಜ್ಜಿಯದು ಮಳವಳ್ಳಿ ಪಕ್ಕದ ಹಳ್ಳಿ. ನಾವಿರುವುದು ಮಂಡ್ಯದ ಗುತ್ತಲಿನಲ್ಲಿ. ಪಿತೃಪಕ್ಷದಲ್ಲಿ ನಮ್ಮನೆಯಲ್ಲಿ ಎಡೆ ಇಡುವ ದಿನ ಬೆಳಗ್ಗೆಯೇ ಅಜ್ಜಿ ಬಸ್ಸಿಳಿಯುತ್ತಿದ್ದಳು. ಚೀಲದಲ್ಲಿ ಮಗಳಿಗೆಂದು ಒಂದು ಹೊಸ ಸೀರೆ, ಹಸಿರು ಬಳೆ, ಅರಿಶಿನ ಕುಂಕುಮ. ಮುತ್ತೈದೆಯಾಗಿ ಹೋದವಳಿಗೆ ಹೀಗೇ ಇಡಬೇಕು. ಒಳಕೋಣೆಯಲ್ಲಿ ಫೋಟೊದ ಮುಂದೆ ಬಾಳೆಲೆ ಹಾಸಿ, ಮುದ್ದೆ, ಬಾಡು, ವಡೆ, ಅಮ್ಮನಿಗೆ ಇಷ್ಟವಾಗಿದ್ದ ಕಡ್ಲೆಪುರಿ ಎಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ನಾವೆಲ್ಲ ಹೊರಗೆ ಕೂರುತ್ತಿದ್ದೆವು. ಸತ್ತವರು ಬಂದು ಉಂಡು ಹೋಗಲಿ ಅಂತ. ಅವರು ಬರುತ್ತಾರೆ ಅಂತ ನಾನು ನಂಬುವುದಿಲ್ಲ. ಆದರೆ ಆ ಬಾಗಿಲು ಹಾಕಿದ ಹೊತ್ತಿನಲ್ಲಿ ಯಾರೂ ಜೋರಾಗಿ ಮಾತಾಡದೇ ಇರುವುದನ್ನು ನಾನೂ ಪಾಲಿಸುತ್ತಿದ್ದೆ.

ಆ ಹೊತ್ತಿಗೇ ಅಜ್ಜಿ, "ಮಗ, ನಿಮ್ಮವ್ವುನ್ ಮದ್ವೆ ಹಾಕು," ಅನ್ನುತ್ತಿದ್ದಳು.

ಹಾಕುತ್ತಿದ್ದೆ. ಟಿವಿಯ ತುಂಬ ಮಳವಳ್ಳಿಯ ಛತ್ರ. ಕೆಂಪು ಸೀರೆಯಲ್ಲಿ ಅಮ್ಮ. ದುಂಡು ಮುಖ, ತುಂಬಿದ ಕೆನ್ನೆ, ಅಗಲ ಭುಜ.

"ನೋಡವ್ವ, ಎಂಗವ್ಳೆ ನೋಡು ನನ್ ಮಗಳು. ಇವಳ್ಗೆ ಕಾಯಿಲೆನಂತೆ! ಇಂಥೋಳ್ನ ಮೂಳೆ ಚಕ್ಳ ಮಾಡಿ ಸುಡುಗಾಡಿಗೆ ಕಳ್ಸುದ್ರಲ್ಲ, ಕೇಳು ನಿಮ್ಮಪ್ಪುನ್ನ."

ಅಳಿಯನ ಜೊತೆ ಅಜ್ಜಿ ನೇರವಾಗಿ ಮಾತಾಡುವವಳಲ್ಲ. ಎಲ್ಲ ನನ್ನ ಕಡೆ ನೋಡಿಯೇ. ಅಪ್ಪ ಹಾಲಿನ ಸೊಸೈಟಿಯಲ್ಲಿ ಗುಮಾಸ್ತರು. ದಿನವಿಡೀ ಜನರ ಬೈಗುಳ ಕೇಳಿಸಿಕೊಂಡು ಪಳಗಿದವರು. ಒಂದು ಮಾತು ಎದುರಾಡುತ್ತಿರಲಿಲ್ಲ. ಮತ್ತೆ ಮದುವೆಯೂ ಆಗಲಿಲ್ಲ.

ನನಗೆ ಸಿಟ್ಟು ಬರುತ್ತಿದ್ದದ್ದು ಅಪ್ಪನ ಈ ಮೌನದ ಮೇಲೆ. ಕಾಲೇಜಿನ ಮೂರೂ ವರ್ಷ ನಾನು ಚರ್ಚಾಸ್ಪರ್ಧೆಗೆ ಹೋದವಳು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಅಲ್ಲಿ ಕಲಿತ ಮೊದಲ ಪಾಠ, ಉತ್ತರ ಕೊಡದ ಆರೋಪ ಒಪ್ಪಿಕೊಂಡ ಆರೋಪ ಅನ್ನುವುದು. ಅಪ್ಪ ವರ್ಷವರ್ಷವೂ ಒಪ್ಪಿಕೊಳ್ಳುತ್ತಿದ್ದರು.

ಅಮ್ಮನ ಮುಖ ನನಗೆ ನೆನಪಿಲ್ಲ. ನೋಡಿಕೊಳ್ಳಲು ಬೇರೆ ಏನೂ ಇಲ್ಲ. ಮದುವೆಯ ಆಲ್ಬಮ್ ಸೋರುವ ಮನೆಯಲ್ಲಿ ನೆನೆದು ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ, ಬಿಡಿಸಿದಾಗ ಮುಖಗಳೇ ಕಿತ್ತುಕೊಂಡು ಬಂದವು. ಕ್ಯಾಸೆಟ್ ಹಾಕಿ ನೋಡುವ ಯಂತ್ರ ಯಾರ ಮನೆಯಲ್ಲೂ ಇರಲಿಲ್ಲ, ಪೆನ್ ಡ್ರೈವಿಗೆ ಬಂದಮೇಲೆಯೇ ಎಲ್ಲರೂ ಆ ವಿಡಿಯೊ ನೋಡಿದ್ದು. ಎಡೆಗೆ ಇಡುವ ಫೋಟೊ ಕೂಡ ಅದನ್ನು ನಿಲ್ಲಿಸಿ ತೆಗೆಸಿದ್ದೇ. ಹಾಗಾಗಿ ನಾನೂ ಅಜ್ಜಿಯ ಹಾಗೇ ಆ ದುಂಡು ಮುಖವನ್ನೇ ಅಮ್ಮ ಅಂದುಕೊಂಡು ಬೆಳೆದೆ. ಕನ್ನಡಿಯಲ್ಲಿ ನನ್ನ ಉದ್ದ ಮುಖ ನೋಡಿದಾಗ ಅವಳದೇನೂ ನನಗೆ ಬಂದಿಲ್ಲ ಅನ್ನಿಸುತ್ತಿತ್ತು. ಅಜ್ಜಿಯೂ ನನ್ನ ಗಲ್ಲ ಹಿಡಿದು, "ನೀನು ನಿಮ್ಮಪ್ಪುನ್ ಕಡೇರಂಗೆ ಒಣಕ್ಲು ಕಣೆ," ಅನ್ನುತ್ತಿದ್ದಳು.

ಹೋದ ಪಿತೃಪಕ್ಷಕ್ಕೆ ಸ್ವಲ್ಪ ಮುಂಚೆ, ಹೊಸ ದೊಡ್ಡ ಟಿವಿಯಲ್ಲಿ ಪೆನ್ ಡ್ರೈವ್ ಓಡುತ್ತದೋ ಇಲ್ಲವೋ ಅಂತ ಒಬ್ಬಳೇ ಹಾಕಿ ನೋಡುತ್ತಿದ್ದೆ. ಧಾರೆಯ ಮಂಟಪದ ಹಿಂದೆ ಛತ್ರದ ಗೋಡೆ ಗಡಿಯಾರ ಕಂಡಿತು. ಅದು ಮಲಗಿಸಿದ ಮೊಟ್ಟೆಯ ಹಾಗಿತ್ತು. ಆರತಿ ತಟ್ಟೆ ನೋಡಿದೆ, ಅದೂ ಹಾಗೇ. ಹಣೆಯ ಕುಂಕುಮ ಅಡ್ಡಕ್ಕೆ ಹರಡಿತ್ತು. ಆಮೇಲೆ ಅಪ್ಪನನ್ನು ನೋಡಿದೆ. ಜೀವಮಾನದಲ್ಲಿ ಒಂದು ದಿನವೂ ದಪ್ಪಗಿರದ ಅಪ್ಪ ಬಾಸಿಂಗ ಕಟ್ಟಿಕೊಂಡು ಗೋಡಂಬಿ ವ್ಯಾಪಾರಿಯ ಹಾಗೆ ನಿಂತಿದ್ದರು. ಇದರ ಬಗ್ಗೆ ಹಿಂದೆ ನಾನೇ ನಕ್ಕು ಕೇಳಿದ್ದೆ. "ಮಾವುನ್ ಮನೆ ತುಪ್ಪ ತಿಂದಿದ್ದ, ಊದ್ಕಂಡಿದ್ದ," ಅಂತ ಅಜ್ಜಿ ಮುಗಿಸಿದ್ದಳು. ನಾನೂ ಅಲ್ಲಿಗೇ ಬಿಟ್ಟಿದ್ದೆ.

ಈ ಸಲ ಬಿಡಲಿಲ್ಲ. ವಿಷಯ ಸುಲಭದ್ದು. ಹಳೇ ಡಬ್ಬಾ ಟಿವಿಯ ಚಿತ್ರ ಅಗಲ ನಾಲ್ಕು ಪಾಲಿದ್ದರೆ ಎತ್ತರ ಮೂರು ಪಾಲು. ಈಗಿನ ಟಿವಿ ಅದಕ್ಕಿಂತ ಬಹಳ ಅಗಲ. ಹಳೇ ಚಿತ್ರವನ್ನು ಹೊಸ ಟಿವಿಯಲ್ಲಿ ಸರಿಯಾಗಿ ಕೂರಿಸಿದರೆ ಎರಡು ಪಕ್ಕದಲ್ಲೂ ಜಾಗ ಖಾಲಿ ಉಳಿಯಬೇಕು. ನಮ್ಮದರಲ್ಲಿ ಖಾಲಿಯೇ ಇಲ್ಲ. ಅಂದರೆ ಚಿತ್ರವನ್ನು ಎರಡೂ ಕಡೆ ಹಿಡಿದು ಎಳೆದಿದ್ದಾರೆ. ಗಡಿಯಾರದ ಜೊತೆ ಅಮ್ಮನನ್ನೂ.

ನನ್ನ ತಲೆಯಲ್ಲಿ ವಾದ ಆಗಲೇ ಸಿದ್ಧವಾಯಿತು. ಗಡಿಯಾರ ದುಂಡಗಿರಬೇಕು, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಗಡಿಯಾರವನ್ನು ಎಷ್ಟು ಎಳೆದಿದ್ದಾರೋ ಅಮ್ಮನನ್ನೂ ಅಷ್ಟೇ ಎಳೆದಿದ್ದಾರೆ. ಆದ್ದರಿಂದ ಮದುವೆಯ ದಿನವೇ ಅವಳು ತೆಳ್ಳಗಿದ್ದಳು. ಆದ್ದರಿಂದ ಅಪ್ಪನ ಮೇಲಿನ ಆರೋಪಕ್ಕೆ ಆಧಾರ ಇಲ್ಲ. ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಆ ರಾತ್ರಿ ಖುಷಿಗೆ ಎರಡು ತುತ್ತು ಹೆಚ್ಚೇ ಉಂಡೆ.

ಮಾಡಿ ತೋರಿಸುವುದು ಅಷ್ಟು ಸಲೀಸಾಗಲಿಲ್ಲ. ರಿಮೋಟಿನಲ್ಲಿ ಚಿತ್ರದ ಅಳತೆ ಬದಲಿಸುವ ಆಯ್ಕೆ ಇದೆ. ಕೇಬಲ್ಲಿನ ಧಾರಾವಾಹಿಗೆ ಅದು ಕೆಲಸ ಮಾಡುತ್ತದೆ, ಪೆನ್ ಡ್ರೈವ್ ಹಾಕಿದರೆ ಬಣ್ಣಗೆಟ್ಟು ಕೂತುಬಿಡುತ್ತದೆ, ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಫೈಲಿಗೆ ಒಂದು ಗುರುತು ಹಾಕಿದೆ, ಇದನ್ನು ನಾಲ್ಕಕ್ಕೆ ಮೂರರಲ್ಲಿ ತೋರಿಸು ಅಂತ. ಲ್ಯಾಪ್‌ಟಾಪ್ ಆ ಗುರುತು ಓದಿ ಹಾಗೇ ತೋರಿಸಿತು. ಟಿವಿ ಅದನ್ನು ಓದಲೇ ಇಲ್ಲ, ಮತ್ತೆ ಅಂಚಿನಿಂದ ಅಂಚಿಗೆ ಎಳೆದು ಹಾಕಿತು. ಸಣ್ಣ ಪರದೆಯಲ್ಲಿ ಬೇಕೆಂದೇ ನಾನು ಅಮ್ಮನನ್ನು ಗಮನವಿಟ್ಟು ನೋಡಲಿಲ್ಲ. ಗಡಿಯಾರ ಮಾತ್ರ ನೋಡಿ, ದುಂಡಗಾಯಿತು ಅಂತ ಮುಚ್ಚಿದೆ. ದೊಡ್ಡದರಲ್ಲಿ, ಎಲ್ಲರ ಮುಂದೆ, ಎಡೆಯ ದಿನ ನೋಡಬೇಕು ಅಂತ ಹಟ.

ಕ್ಯಾಸೆಟ್ ಸಿಕ್ಕರೆ ಹೊಸದಾಗಿಯೇ ಮಾಡಿಸಬಹುದು ಅಂತ ಮದ್ದೂರಿಗೆ ಹೋದೆ. ಅಜ್ಜಿ ಪೆನ್ ಡ್ರೈವಿಗೆ ಹಾಕಿಸಿದ್ದು ಅಲ್ಲಿ, ಬಸ್ ಬದಲಾಯಿಸುವ ಜಾಗದ ಪಕ್ಕದ ಒಂದು ಸ್ಟುಡಿಯೊದಲ್ಲಿ. ಅಂಗಡಿಯವನು ನನಗಿಂತ ಹತ್ತು ವರ್ಷ ದೊಡ್ಡವನಿರಬಹುದು. ಪಾಸ್‌ಪೋರ್ಟ್ ಫೋಟೊಗಳನ್ನು ಕತ್ತರಿಸುತ್ತಾ ಕೇಳಿದ.

"ಕ್ಯಾಸೆಟ್ಟಾ? ಬೂಷ್ಟು ಹಿಡಿದಿತ್ತು ಮೇಡಮ್. ಒಂದ್ ಸಲ ಓಡ್ತು, ನಿಮ್ ಪುಣ್ಯ. ಕೊನೇಲಿ ಪಟ್ ಅಂತ ಕಿತ್ತೋಯ್ತು."

"ಸರಿ. ಚಿತ್ರ ಯಾಕೆ ಅಗಲಕ್ಕೆ ಎಳೆದಿರಿ?"

"ಎಲ್ಲಾರ್ದೂ ಅಂಗೇ ಮಾಡೋದು."

"ಎಲ್ಲಾರ್ದೂ ತಪ್ಪು ಮಾಡಿದ್ರೆ ಸರಿ ಆಗುತ್ತಾ?"

ಅವನು ಕತ್ತರಿ ಕೆಳಗಿಟ್ಟ. "ಮೇಡಮ್, ಕೇಳಿ ಇಲ್ಲಿ. ಮದ್ಲು ನಾನೂ ಸರಿಯಾಗೇ ಮಾಡ್ಕೊಡ್ತಿದ್ದೆ. ಎರಡು ಸೈಡೂ ಕರಿ ಪಟ್ಟಿ ಬರೋದು. ಜನ ತಂದು ಟೇಬಲ್ ಮೇಲೆ ಎಸೆಯೋರು. ಮದ್ವೆ ವಿಡಿಯೊಗೆ ಕರೀದು ಬುಟ್ಟಿದೀಯಲ್ಲ, ನಿಂಗೇನು ಮನೆ ಮಠ ಇಲ್ವಾ ಅನ್ನೋರು. ಅರ್ಧ ಟಿವಿ ಖಾಲಿ ಬತ್ತದೆ, ಕಾಸು ಪೂರ್ತಿ ಇಸ್ಕಂಡಿದೀಯ ಅನ್ನೋರು. ಆಮೇಲೆ ಫುಲ್ ಮಾಡಿ ಕೊಟ್ಟೆ. ಒಬ್ರೂ ವಾಪಸ್ ಬಂದಿಲ್ಲ. ನೀವೇ ಮೊದಲ್ನೇರು."

"ಮುಖ ದಪ್ಪ ಕಾಣುತ್ತಲ್ಲ, ಅದಕ್ಕೆ ಯಾರೂ ಏನೂ ಅನ್ನಲ್ವಾ?"

"ದಪ್ಪ ಕಂಡ್ರೆ ಯಾರು ಬೈತಾರೆ ಮೇಡಮ್? ನಮ್ಮುಡುಗಿ ಎಷ್ಟು ಲಕ್ಷಣವಾಗಿದ್ಲು ಆವಾಗ ಅಂತಾರೆ. ಖುಷಿಯಾಗೋಯ್ತಾರೆ."

ಬಸ್ಸಿನಲ್ಲಿ ವಾಪಸ್ ಬರುತ್ತಾ ಯೋಚಿಸಿದೆ, ಈ ಮದ್ದೂರು, ಮಳವಳ್ಳಿ, ಮಂಡ್ಯದ ಎಷ್ಟು ಮನೆಗಳಲ್ಲಿ ತೀರಿಹೋದ ಅಜ್ಜಿಯರು, ಅತ್ತೆಯರು ಇದ್ದದ್ದಕ್ಕಿಂತ ಆರೋಗ್ಯವಾಗಿ ಟಿವಿಯಲ್ಲಿ ಓಡಾಡುತ್ತಿರಬಹುದು ಅಂತ. ಹೊರಡುವಾಗ ಅವನು ದಾರಿಯನ್ನೂ ಹೇಳಿದ್ದ. ಗುರುತು ಹಾಕಿದರೆ ಟಿವಿ ಕೇಳುವುದಿಲ್ಲ, ಚಿತ್ರವನ್ನು ಕುಗ್ಗಿಸಿ, ಪಕ್ಕದ ಪಟ್ಟಿಯನ್ನೂ ಚಿತ್ರದೊಳಗೇ ಸೇರಿಸಿ ಹೊಸ ಫೈಲು ಮಾಡಬೇಕು. "ಕರಿ ಬ್ಯಾಡ ಅಂದ್ರೆ ಗುಲಾಬಿ ಹೂ ಬುಡ್ತೀನಿ ಎರಡು ಕಡೆ," ಅಂದಿದ್ದ. ಬೇಡ ಅಂದು ನಾನೇ ಮನೆಯಲ್ಲಿ ಕಪ್ಪು ಪಟ್ಟಿಯನ್ನೇ ಹಾಕಿ ಮಾಡಿಕೊಂಡೆ.

ಎಡೆಯ ದಿನ ಬಂತು. ಬಡಿಸಿ ಬಾಗಿಲು ಹಾಕಿದೆವು. ಅಜ್ಜಿ ಕೇಳುವ ಮೊದಲೇ ನಾನು ಟಿವಿ ಹಾಕಿದೆ.

"ಇದೇನೆ, ಎರಡು ಕಡೆ ಕರ್ರಗೆ? ಟಿವಿ ಕೆಟ್ಟೋಗಿದ್ದದಾ?"

"ಇಲ್ಲ ಅಜ್ಜಿ, ಈಗ ಸರಿಯಾಗಿದೆ. ಇಷ್ಟು ದಿನ ಕೆಟ್ಟಿತ್ತು."

ಛತ್ರದ ಬಾಗಿಲು, ವಾಲಗದವರು, ಆರತಿ. ಗಡಿಯಾರ ದುಂಡಗಿತ್ತು. ಅಪ್ಪ ಅಪ್ಪನ ಹಾಗೇ ಇದ್ದರು, ಪಂಚೆಯೊಳಗೆ ಒಂದು ಕೋಲು. ನಾನು ನಕ್ಕೆ. ಆಮೇಲೆ ಅಮ್ಮನನ್ನು ಕರೆತಂದು ಹಸೆಯ ಮೇಲೆ ನಿಲ್ಲಿಸಿದರು.

ಅವಳು ನನ್ನ ಹಾಗಿದ್ದಳು.

ಉದ್ದ ಮುಖ. ಕೆನ್ನೆ ಒಳಕ್ಕೆ ಹೋಗಿತ್ತು. ಕತ್ತಿನ ಕೆಳಗಿನ ಎರಡು ಮೂಳೆ ಸರದ ಕೆಳಗಿಂದ ಎದ್ದು ಕಾಣುತ್ತಿದ್ದವು. ಸೋದರತ್ತೆ ಯಾರೋ ಅವಳ ತೋಳಿನ ಕೆಳಗೆ ಕೈ ಕೊಟ್ಟು ನಿಂತಿದ್ದರು. ಆ ಕೈಯನ್ನು ನಾನು ಎಷ್ಟು ಸಲ ನೋಡಿಲ್ಲ! ದಪ್ಪ ಅಮ್ಮನ ಪಕ್ಕದಲ್ಲಿ ಅದು ಸಲಿಗೆಯ ಕೈ. ಈ ಅಮ್ಮನ ಪಕ್ಕದಲ್ಲಿ ಅದು ಬೀಳದ ಹಾಗೆ ಹಿಡಿದ ಕೈ. ಬಾಯಿ ಸ್ವಲ್ಪ ತೆರೆದಿತ್ತು. ನಗು ಅಂದುಕೊಂಡಿದ್ದೆವು. ಅವಳು ಉಸಿರೆಳೆದುಕೊಳ್ಳುತ್ತಿದ್ದಳು.

ಗೆಲ್ಲುವ ಖುಷಿ ಅಲ್ಲಿಗೇ ಇಂಗಿಹೋಯಿತು. ಆದರೂ ಬಾಯಿ ಅಭ್ಯಾಸಬಲದಿಂದ ಕೆಲಸ ಮಾಡಿತು.

"ನೋಡಜ್ಜಿ, ಅಮ್ಮ ಮೊದಲಿಂದಲೂ ತೆಳ್ಳಗೇ ಇದ್ದಳು."

"ನೀನೇನೋ ಮಾಡಿದೀಯ ಕಣೆ. ತೆಳ್ಳಗ್ ಮಾಡಿದೀಯ."

"ನಾನೇನೂ ಮಾಡಿಲ್ಲ. ಆ ಗಡಿಯಾರ ನೋಡು. ಮೊದಲು ಮೊಟ್ಟೆ ಥರ ಇತ್ತಾ ಇಲ್ವಾ? ಗಡಿಯಾರ ಯಾವತ್ತಾದ್ರೂ ಹಾಗಿರುತ್ತಾ?"

"ನಾನು ಹೆತ್ತಿರೋದು ಗಡಿಯಾರ ಅಲ್ಲ ಕಣೆ!"

ಅಷ್ಟರಲ್ಲಿ ಅಪ್ಪ ಮಾತಾಡಿದರು. ವಿಡಿಯೊ ಓಡುವಾಗ ಅವರು ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಬುಡು ಮಗ. ಹಳೇದೇ ಹಾಕು."

"ಯಾಕಪ್ಪ? ನಿಮ್ಮ ಪರವಾಗಿ ತಾನೇ ಮಾಡ್ತಿರೋದು?"

"ನನ್ ಪರ ಯಾರೂ ಮಾಡೋದು ಬ್ಯಾಡ. ಹಳೇದು ಹಾಕು ಅಂದೆ."

ಹಾಕಲಿಲ್ಲ ನಾನು. ರಿಮೋಟು ಕೈಯಲ್ಲೇ ಇತ್ತು, ಚಿತ್ರವನ್ನು ಅಮ್ಮನ ಮುಖದ ಮೇಲೆ ನಿಲ್ಲಿಸಿದೆ. ನಿಂತಿದ್ದ ಚಿತ್ರದ ಮುಂದೆ ಅಜ್ಜಿ ಎದ್ದು ಹೋದಳು, ಮಂಡಿಯೂರಿ ಟಿವಿಗೆ ಮುಖ ತಾಗುವಷ್ಟು ಹತ್ತಿರ ಕೂತಳು. ಮಗಳ ಕತ್ತಿನ ಮೇಲೆ ಬೆರಳಿಟ್ಟಳು. ಬೈಯುತ್ತಾಳೆ, ಅಳುತ್ತಾಳೆ, ಎರಡಕ್ಕೂ ನಾನು ಸಿದ್ಧವಾಗಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

"ಧಾರೆ ಎರ್ಯೋವಾಗ ಪಕ್ಕದಲ್ಲೇ ನಿಂತಿದ್ದೆ," ಅಂದಳು. ಆಮೇಲೆ ನನ್ನ ಕಡೆ ತಿರುಗದೆ, ಟಿವಿಯನ್ನೇ ಕೇಳಿದಳು. "ನಾನೇ ನೋಡ್ನಿಲ್ವ ಹಂಗಾರೆ?"

ಚರ್ಚಾಸ್ಪರ್ಧೆಯಲ್ಲಿ ಒಂದು ವಾದ ಬಿದ್ದರೆ ಬಿದ್ದು ಹೋಗುತ್ತದೆ. ತೀರ್ಪುಗಾರರು ಅಂಕ ಬರೆದುಕೊಳ್ಳುತ್ತಾರೆ, ಎರಡೂ ಕಡೆಯವರು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾರೆ. ಬಿದ್ದದ್ದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಅಪ್ಪನ ಮೇಲಿನಿಂದ ನಾನು ಎತ್ತಿ ತೆಗೆದದ್ದು ಗಾಳಿಯಲ್ಲಿ ಕರಗಲಿಲ್ಲ. ಅಲ್ಲೇ ಪಕ್ಕದಲ್ಲಿದ್ದವಳ ಮೇಲೆ ಕೂತಿತು. ಎಪ್ಪತ್ತು ದಾಟಿದವಳ ಮೇಲೆ.

ಅಪ್ಪನಿಗೆ ಇದು ಗೊತ್ತಿತ್ತು ಅನ್ನುವುದು ನನಗೆ ಹೊಳೆದದ್ದು ಆಗ. ಅಮ್ಮನ ಜೊತೆ ಬದುಕಿದವರು ಅವರು, ಅವಳ ಕತ್ತು ಹೇಗಿತ್ತು ಅನ್ನುವುದಕ್ಕೆ ಅವರಿಗೆ ಯಾವ ಟಿವಿಯೂ ಬೇಕಿರಲಿಲ್ಲ. ಆಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ಜಗಳಕ್ಕೇ ನಿಂತು ಕೇಳಿದೆ.

"ಗೊತ್ತಿದ್ರೆ ಹೇಳಬಹುದಿತ್ತಲ್ಲ ಇಷ್ಟು ವರ್ಷ?"

"ಹೇಳಿ?"

"ನಿಮ್ಮ ತಪ್ಪಿಲ್ಲ ಅಂತಾಗೋದು."

"ಅವ್ರುದು ಅಂತಾಗೋದು," ಅಂದರು ಅಪ್ಪ. "ನಂಗೆ ಬೈದ್ರೆ ಅವ್ರು ಇನ್ನೊಂದು ವರ್ಷ ತಡ್ಕತಾರೆ. ಬೈಸ್ಕಳಕ್ಕೆ ನಂಗೇನು ಕಷ್ಟ?" ಟವೆಲಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು.

ಎಡೆಯ ಬಾಗಿಲು ತೆಗೆಯುವುದು ಪ್ರತಿವರ್ಷ ಅಜ್ಜಿಯ ಕೆಲಸ. ಆವತ್ತು ಅವಳು ಏಳಲಿಲ್ಲ. ನಾನೇ ತೆಗೆದೆ. ಮುದ್ದೆ ತಣ್ಣಗಾಗಿತ್ತು, ಊದುಬತ್ತಿ ಉರಿದು ಮುಗಿದಿತ್ತು, ಬಾಳೆಲೆಯ ಹಿಂದೆ ಅಗಲ ಮುಖದ ಆ ಫೋಟೊ. ಯಾರದೋ ಫೋಟೊ. ಎಡೆಯ ಊಟವನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣಬೇಕು. ಅಜ್ಜಿ ಎಲೆಯ ಮುಂದೆ ಕೂತು, ಮುದ್ದೆ ಮುರಿದು, ಹಾಗೇ ಬಿಟ್ಟು ಎದ್ದಳು. ಇರು ಅಂದರೂ ಇರದೆ ಮಧ್ಯಾಹ್ನದ ಬಸ್ಸಿಗೇ ಹೊರಟಳು. ಅಪ್ಪ ಅವಳ ಚೀಲ ಹಿಡಿದುಕೊಂಡು ಬಸ್ ನಿಲ್ದಾಣದವರೆಗೂ ಹೋದರು.

ಆಮೇಲೆ ನಾನು ಮಾಡಿದ್ದೆಲ್ಲ ಸೋತವಳ ಓಡಾಟ. ಹಳೇ ಫೈಲನ್ನೇ ಪೆನ್ ಡ್ರೈವಿಗೆ ವಾಪಸ್ ಹಾಕಿಕೊಂಡು ಮಳವಳ್ಳಿಗೆ ಹೋದೆ. ಅಜ್ಜಿಯ ಮನೆಯ ಟಿವಿಯಲ್ಲಿ ಹಾಕಿದೆ. ಕಪ್ಪು ಪಟ್ಟಿ ಇಲ್ಲ. ದುಂಡು ಮುಖದ ಅಮ್ಮ ಟಿವಿಯ ತುಂಬ ಬಂದಳು. ಅಜ್ಜಿ ಸೊಪ್ಪು ಬಿಡಿಸುತ್ತಿದ್ದವಳು ಒಮ್ಮೆ ತಲೆಯೆತ್ತಿ ನೋಡಿದಳು.

"ಇದು ಎಳೆದಿರೋದು ಅಲ್ವ?"

"ಹೂಂ."

"ತಗಿ ಅದ."

ತೆಗೆದೆ. ತಪ್ಪನ್ನು ಸರಿಮಾಡಲು ಬರುತ್ತದೆ, ಸರಿಯಾದದ್ದನ್ನು ಮತ್ತೆ ತಪ್ಪು ಮಾಡಿ ನಂಬಿಸಲು ನನಗೆ ಬರುವುದಿಲ್ಲ. ಅದಕ್ಕೆ ಬೇಕಾದ ಗುಂಡಿ ಯಾವ ರಿಮೋಟಿನಲ್ಲೂ ಇಲ್ಲ. ಚಿಕ್ಕಂದಿನಿಂದ ಇರುವ ವಾಲ್ವಿನ ತೊಂದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಎಷ್ಟೋ ಡಾಕ್ಟರಿಗೇ ತಪ್ಪಿಹೋಗುತ್ತದೆ, ತೆಳ್ಳಗಿದ್ದವರೆಲ್ಲ ಕಾಯಿಲೆಯವರಲ್ಲ ಅಂತ ನನ್ನ ವಾದವನ್ನು ನಾನೇ ಮುರಿಯುತ್ತಾ ಹೋದೆ. ಒಂದೊಂದೂ ಬಲವಾದ ಅಂಶ. ಅಜ್ಜಿ ಸೊಪ್ಪಿನ ಕಡ್ಡಿ ಮುರಿಯುತ್ತಾ ಕೇಳಿಸಿಕೊಂಡಳು.

"ಅಪ್ಪನಿಗೆ ಬೈಯಜ್ಜಿ," ಅಂದೆ ಕೊನೆಗೆ. "ಅವರು ಬೈಸ್ಕೋತಾರೆ."

"ಅವನ್ನ ಯಾಕ್ ಬೈಲಿ," ಅಂದಳು. "ಪಾಪ."

ಆ "ಪಾಪ"ಕ್ಕಾಗಿ ಅಪ್ಪ ಇಷ್ಟು ವರ್ಷ ಕಾದಿರಬಹುದು ಅಂದುಕೊಂಡಿದ್ದೆ. ಮನೆಗೆ ಬಂದು ಹೇಳಿದಾಗ ಅವರು ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೇ ಇಳಿಸಿದರು. ಅವರ ಮುಖದಲ್ಲಿ ಇದ್ದದ್ದು ಬಿಡುಗಡೆಯಲ್ಲ.

ಈಗಲೂ ಆಗಾಗ ಮಳವಳ್ಳಿಗೆ ಹೋಗುತ್ತೇನೆ. ಅಜ್ಜಿ ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ಸಾರು ಹಾಕಲಾ ಅಂತ ಕೇಳುತ್ತಾಳೆ. ನನ್ನ ಮುಖ ಮಾತ್ರ ನೋಡುವುದಿಲ್ಲ. ತಟ್ಟೆ ನೋಡುತ್ತಾಳೆ, ಬಾಗಿಲು ನೋಡುತ್ತಾಳೆ, ನನ್ನ ಹೆಗಲಾಚೆಗೆ ಎಲ್ಲೋ ನೋಡುತ್ತಾಳೆ. ಯಾಕೆ ಅಂತ ಕೇಳುವ ಅಗತ್ಯ ಇಲ್ಲ. ಅಳತೆ ಸರಿಮಾಡಿ ಅವಳ ಮುಂದೆ ತಂದಿಟ್ಟ ಮುಖವನ್ನೇ ಹೊತ್ತುಕೊಂಡು ನಾನು ಬಸ್ಸಿಳಿಯುತ್ತೇನೆ.

ಮೊನ್ನೆ ಹೊರಡುವಾಗ ಬಸ್ಸಿನವರೆಗೂ ಬಂದಳು. ಮಳವಳ್ಳಿ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಎದುರಿನ ಗೋಡೆ ನೋಡುತ್ತಾ ಕೇಳಿದಳು.

"ಮೆಟ್ಲು ಹತ್ತುವಾಗ ಉಸ್ರು ಕಟ್ತದಾ ನಿಂಗೆ?"

"ಇಲ್ಲಜ್ಜಿ. ಏನೂ ಇಲ್ಲ."

ಮಂಡ್ಯದ ಬಸ್ಸು ಒಳಗೆ ಬಂತು. ಜನ ಎದ್ದರು. ಅಜ್ಜಿ ಏಳಲಿಲ್ಲ.

"ಅವಳೂ ಅಂಗೇ ಅಂತಿದ್ಲು," ಅಂದಳು.